ಪೊರೋತೊ ಕೊನ್ ದುಯ್ಸೆ

"ಯಾರು ಬರೆದಿದಾರೋ ಏನೋ, ಸರಿಯಾಗಿ ಬರೆದಿದಾರೆ ನೋಡು," ಎಂದರು ದೋನ್ಯಾ ಫಿಯೋರ್ದಲೀಸಾ.

ಕನ್ನಡಕವನ್ನು ಹಣೆಗೇರಿಸಿ, ಬೆಲ್ಕಿಸ್ ಹಿಡಿದಿದ್ದ ಫೋನನ್ನು ಮೂಗಿನ ತುದಿಗೆ ಎಳೆದುಕೊಂಡು ಇನ್ನೊಮ್ಮೆ ಓದಿದರು. ಎಡಗೈಯಲ್ಲಿ ಸೌಟು ಹಾಗೇ ಇತ್ತು. ಒಲೆಯ ಮೇಲೆ ಕೆಂಪು ಕಾಳು ತೆಂಗಿನಹಾಲಿನಲ್ಲಿ ಕೊತಕೊತ ಕುದಿಯುತ್ತಿತ್ತು.

"'ಕೊನ್ ದುಯ್ಸೆ.' ಹಾಂ, ಹೀಗೇ ಬರೀಬೇಕು. ಆದ್ರೆ ಮಗಳೇ, ಈ ಪೊರೋತೊ ಅಂದ್ರೇನು? ಯಾವುದಾದ್ರೂ ಕಾಯಿಲೆನಾ?"

"ಕಾಳು ಅಮ್ಮಾ. ನಾವು ಅಬಿಚುವೇಲಾ ಅಂತೀವಲ್ಲ, ಅದೇ. ಚಿಲಿ ದೇಶದಲ್ಲಿ ಅದಕ್ಕೆ ಪೊರೋತೊ ಅಂತಾರೆ."

"ಅಯ್ಯೋ ಪಾಪ. ಅಂಥಾ ಹೆಸರಿಟ್ಟರೆ ಕಾಳು ಹೇಗೆ ಬೇಯುತ್ತೆ?"

ಬೆಲ್ಕಿಸಳಿಗೆ ನಗು ಬಂತು, ಆದರೆ ಅವಳು ಬಂದದ್ದು ಕಾಳಿನ ವಿಚಾರಕ್ಕಲ್ಲ. ಹನ್ನೆರಡು ವರ್ಷದ ಹಿಂದೆ, ದುಡಿಯಲು ಕದ್ದು ಪರದೇಶಕ್ಕೆ ಹೊರಟ ದೋಣಿ ಮಗುಚಿ ಸತ್ತಳೆಂದು ಮೋಕಾ ಊರೆಲ್ಲ ಅತ್ತಿದ್ದ ನೋರಿಸ್, ಈ ಮುದುಕಿಯ ಮಗಳು, ಬದುಕಿರಬಹುದೆಂಬ ಅನುಮಾನ ಅವಳ ತಲೆ ಹೊಕ್ಕು ಇವತ್ತಿಗೆ ಆರು ದಿನ. ಬರುವ ಸೋಮವಾರ ದೋನ್ಯಾ ಕೋರ್ಟಿಗೆ ಹೋಗಿ 'ನನ್ನ ಮಗಳು ಸತ್ತಿದ್ದಾಳೆ' ಎಂದು ಸಹಿ ಹಾಕುವವರಿದ್ದರು. ಆ ಸಹಿ ಬಿದ್ದರೆ, ನೋರಿಸ್ ಬಿಟ್ಟುಹೋದಾಗ ಎಂಟು ತಿಂಗಳ ಕೂಸಾಗಿದ್ದ ಅವಳ ಮಗಳು ಯಾನಿರಾ ಕಾಗದದ ಮೇಲೂ ಸೋದರಮಾವ ನಿಕಾನೋರನ ಮಗಳಾಗುತ್ತಾಳೆ. ಇವತ್ತು ಗುರುವಾರ.

ಇದ್ಯಾವುದನ್ನೂ ಈ ತಾಯಿಯ ಮುಂದೆ ಬಾಯಿ ಬಿಟ್ಟು ಹೇಳುವ ಧೈರ್ಯ ಬೆಲ್ಕಿಸಳಿಗಿರಲಿಲ್ಲ. ಬದುಕಿದ್ದಾಳೆ ಎಂದು ಹೇಳಿ ಆಮೇಲೆ ಇಲ್ಲ ಎಂದಾದರೆ, ಹೆತ್ತವಳು ಒಬ್ಬಳೇ ಮಗಳನ್ನು ಎರಡು ಸಲ ಕಳೆದುಕೊಂಡ ಹಾಗೆ. ಆದ್ದರಿಂದ ಕಸುಬಿನ ನೆಪ ಮಾಡಿಕೊಂಡು ಬಂದಿದ್ದಳು.

ಅವಳ ಕಸುಬು ಕೇಳಿದರೆ ಯಾರಿಗಾದರೂ ವಿಚಿತ್ರವೇ. ಜನ ಗೂಗಲ್‌ನಲ್ಲಿ ಏನೇನು ಬರೆದು ಹುಡುಕುತ್ತಾರೆ, ಯಾವ ತಿಂಗಳು, ಎಷ್ಟು ಸಲ, ಯಾವ ಊರಿನಿಂದ, ಎಂಥ ತಪ್ಪು ಕಾಗುಣಿತದಲ್ಲಿ ಎಂದು ಹೆಕ್ಕಿ ಹೆಕ್ಕಿ ಪಟ್ಟಿ ಮಾಡುವುದು. ಆ ಪಟ್ಟಿ ನೋಡಿಕೊಂಡು, ಸಣ್ಣಪುಟ್ಟ ಅಂಗಡಿಯವರು ತಮ್ಮ ವೆಬ್‌ಸೈಟಿನಲ್ಲಿ ಯಾವಾಗ ಯಾವ ವಿಷಯ ಬರೆಯಬೇಕೆಂದು ವರ್ಷದ ಯೋಜನೆ ಹಾಕಿಕೊಡುವುದು. ಹೀಗೆ ಒಂದೊಂದು ಮಾತಿನ ಜಾಡು ಹಿಡಿದು ಹೋಗಿ ಎರಡು ಸಲ ಕಳ್ಳರನ್ನೂ ಹಿಡಿದುಕೊಟ್ಟಿದ್ದಳು. ಅಂದಿನಿಂದ ಊರಿನವರಿಗೆ ಅವಳೆಂದರೆ ಮರ್ಯಾದೆ, ಪೊಲೀಸರಿಗೆ ಅವಳನ್ನು ಕಂಡರಾಗದು.

"ಮುಂದಿನ ವರ್ಷದ ತಪಸ್ಸುಕಾಲಕ್ಕೆ ಏನು ಬರೀಬೇಕು ಅಂತ ಈಗಲೇ ಗುರುತು ಹಾಕ್ಕೊಬೇಕು ಅಮ್ಮಾ," ಎಂದಳು. "ಈಸ್ಟರ್ ಹಬ್ಬದ ಉಪವಾಸ ಶುರುವಾಗೋಕೆ ಮೂರು ತಿಂಗಳು ಮುಂಚೆ ಪುಟ ಸಿದ್ಧ ಇರಬೇಕು. ಅದಕ್ಕೇ ನಿಮ್ಮ ಪಾಯಸನ ಜನ ಯಾವ್ಯಾವ ಹೆಸರಲ್ಲಿ ಹುಡುಕ್ತಾರೆ ಅಂತ ನೋಡ್ತಿದ್ದೆ."

"ಕಾಳು ಬೇಯಿಸೋದು ಹೇಗೆ ಅಂತ ಮಷೀನನ್ನ ಕೇಳ್ತಾರಾ?" ದೋನ್ಯಾ ಸೌಟನ್ನು ಪಾತ್ರೆಗೆ ಕುಟ್ಟಿದರು. "ಅವರಿಗೆಲ್ಲ ಅಮ್ಮಂದಿರಿಲ್ವಾ?"

ಆ ಮಾತು ಬೆಲ್ಕಿಸಳಿಗೆ ಚುಳ್ಳೆಂದಿತು. ಏನೂ ಆಗದವಳಂತೆ ಮುಂದುವರಿದಳು. "ಅಮ್ಮಾ, ನಮ್ಮ ಕಡೆ ಬಾಯಲ್ಲಿ ಎಲ್ಲರೂ ದುಯ್ಸೆ ಅಂತಾರೆ, ಸರಿ. ಆದ್ರೆ ಬರೆಯೋವಾಗ ದುಲ್ಸೆ ಅಂತ ತಾನೇ ಬರೀತಾರೆ? 'ಸಿಹಿ' ಅನ್ನೋ ಪದ ಪುಸ್ತಕದಲ್ಲಿ ಇರೋದು ಹಾಗೆ. 'ದುಯ್ಸೆ' ಅಂತ ಬರೆಯೋರು ನಿಮ್ಮನ್ನ ಬಿಟ್ಟು ಇನ್ಯಾರಾದ್ರೂ ಇದಾರಾ?"

"ಯಾಕೆ, ನಾನು ಬರೆದಿದ್ದು ತಪ್ಪು ಅಂತೀಯಾ?"

"ಛೆ ಛೆ, ಇಲ್ಲಮ್ಮಾ."

"ಮುಖ ನೋಡಿದ್ರೆ ಗೊತ್ತಾಗುತ್ತೆ. ನೋರಿಸೂ ಹೀಗೇ ಮುಖ ಮಾಡೋಳು." ಮುದುಕಿ ಉರಿ ಸಣ್ಣ ಮಾಡಿ ಸ್ಟೂಲ್ ಎಳೆದುಕೊಂಡು ಕೂತರು. "ಹದಿನೈದು ವರ್ಷ ಅವಳಿಗೆ. ನಾನು ಹೊರಗಡೆ ಬೋರ್ಡ್ ಹಾಕಿದ್ದೆ, ಅಬಿಚುವೇಲಾ ಕೊನ್ ದುಯ್ಸೆ ಅಂತ, ಇಷ್ಟಿಷ್ಟು ದಪ್ಪ ಅಕ್ಷರ. ಶಾಲೆ ಬಿಟ್ಟು ಬಂದೋಳು ನೋಡಿದ್ಲು. ಗೆಳತಿಯರು ನಕ್ಕರಂತೆ. ಸೀಮೆಸುಣ್ಣ ತಗೊಂಡು 'ಯ್' ಅಳಿಸಿ 'ಲ್' ಬರೆದ್ಲು. ನಾನು ಬಿಡ್ತೀನಾ? 'ಲ್' ಅಳಿಸಿ 'ಯ್' ಬರೆದೆ. ಬೆಳಿಗ್ಗೆ ಎದ್ದು ನೋಡ್ತೀನಿ, ಮತ್ತೆ 'ಲ್'! ಇಡೀ ತಪಸ್ಸುಕಾಲ ಅಮ್ಮ ಮಗಳು ಇದೇ ಜಗಳ."

"ಯಾರು ಗೆದ್ದಿದ್ದು?"

"ನಾನೇ ಗೆದ್ದೆ." ದೋನ್ಯಾ ಕಣ್ಣು ಒರೆಸಿಕೊಂಡರು, ಹೊಗೆ ಎನ್ನುವಂತೆ ಒಲೆಯ ಕಡೆ ಕೈ ಬೀಸಿದರು. "ಏನು ಗೆದ್ದೆನೋ. ಒಂದು ಅಕ್ಷರ ಬಿಟ್ಟುಕೊಟ್ಟಿದ್ರೆ ನನ್ನ ಗಂಟೇನು ಹೋಗ್ತಿತ್ತು ಹೇಳು? ಹೋಗ್ಲಿ, ರುಚಿ ನೋಡು. ಗೆಣಸು ಹಾಕಿಲ್ಲ. ಯಾನಿರಾಗೆ ಗೆಣಸು ಸೇರಲ್ಲ, ಥೇಟ್ ಅವರಮ್ಮನ ಹಾಗೆ."

ಬೆಲ್ಕಿಸ್ ರುಚಿ ನೋಡಿದಳು. ಲವಂಗದ ಘಮಕ್ಕೆ ಕಣ್ಣು ಮುಚ್ಚಿತು. ಹೊರಡುವ ಮುಂಚೆ, "ಒಂದು ಫೋಟೋ ಅಮ್ಮಾ," ಎಂದಳು. ಮುದುಕಿ ನಾಚಿಕೊಂಡು ಸೆರಗಿಲ್ಲದ ತಲೆಯನ್ನು ಕೈಯಿಂದಲೇ ಸವರಿಕೊಂಡು, ಸೌಟನ್ನು ಕತ್ತಿಯಂತೆ ಹಿಡಿದು ನಿಂತರು.

ದಾರಿಯುದ್ದಕ್ಕೂ ಬೆಲ್ಕಿಸಳಿಗೆ ತಲೆಬಿಸಿ. ಸಿಕ್ಕ ಸುಳಿವೇ ಕೈಕೊಟ್ಟಿತ್ತು.

'ಪೊರೋತೊ ಕೊನ್ ದುಯ್ಸೆ'. ಕಾಳಿಗೆ ಚಿಲಿಯವರ ಪದ, ಸಿಹಿಗೆ ಮೋಕಾ ಸೀಮೆಯ ನಾಲಿಗೆ. ಈ ಎರಡು ಮಾತು ಒಂದೇ ಬಾಯಲ್ಲಿ ಜೊತೆಯಾಗಬೇಕಾದರೆ, ಆ ಬಾಯಿ ಇಲ್ಲಿ ಹುಟ್ಟಿ ಅಲ್ಲಿ ಬದುಕುತ್ತಿರಬೇಕು. ಇಷ್ಟು ಸರಿ. ಕಾಗುಣಿತ ದೋನ್ಯಾರದ್ದೇ ಆದ್ದರಿಂದ ನೋರಿಸ್ ನೆನಪಾಗಿದ್ದಳು. ಆದರೆ ನೋರಿಸ್ 'ದುಯ್ಸೆ' ಬರೆಯುವವಳೇ ಅಲ್ಲ! ಅದನ್ನು ತಿದ್ದುವುದಕ್ಕೆಂದೇ ಇಡೀ ತಪಸ್ಸುಕಾಲ ಹೆತ್ತವಳ ಜೊತೆ ಜಿದ್ದಿಗೆ ಬಿದ್ದವಳು. ಹಾಗಾದರೆ ಬರೆದದ್ದು ಯಾರು?

ಬೀಗದ ಅಂಗಡಿಯ ಮೇಲಿನ ತನ್ನ ಕೋಣೆಗೆ ಬಂದು, ಫ್ಯಾನ್ ಹಾಕಿ, ಮತ್ತೆ ಪಟ್ಟಿಯನ್ನು ಬಿಡಿಸಿದಳು. ತಿಂಗಳಿಗೆ ತೊಂಬತ್ತು ಸಲ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಮಾತ್ರ. ಎಲ್ಲವೂ ಚಿಲಿಯ ಉತ್ತರ ತುದಿಯಿಂದ, ಹೆಚ್ಚಿನವು ಅಂತೋಫಗಾಸ್ತಾ ಎಂಬ ಊರಿನಿಂದ.

ತೊಂಬತ್ತು ಎಂದರೆ ಈ ಕಸುಬಿನಲ್ಲಿ ಏನೂ ಅಲ್ಲ. ಬೇರೆಯವರಾದರೆ ಕಸಕ್ಕೆ ಹಾಕುತ್ತಿದ್ದರು. ಬೆಲ್ಕಿಸಳಿಗೆ ಇಂಥ ಕಸದ ಮೇಲೇ ಪ್ರೀತಿ.

ಬರೆಯುವಾಗ ತಪ್ಪಿದರೆ ಫೋನೇ ತಿದ್ದಿ ಕೊಡುತ್ತದೆ. ಫೋನು ತಿದ್ದಿದ ಮೇಲೂ ಹಟ ಹಿಡಿದು ಜನ 'ದುಯ್ಸೆ' ಎಂದೇ ಹುಡುಕಿದ್ದಾರೆ ಎಂದರೆ, ಅವರು ಅದನ್ನು ಎಲ್ಲೋ ಬರೆದದ್ದನ್ನು ಕಣ್ಣಾರೆ ಕಂಡಿದ್ದಾರೆ. ಎಲ್ಲೋ ಒಂದು ಬೋರ್ಡಿದೆ.

ಬೋರ್ಡ್ ಬರೆದವರು ಯಾರೆಂಬುದಕ್ಕೆ ಮಾತ್ರ ಉತ್ತರವಿಲ್ಲ. ಬೇಸರಕ್ಕೆ ಅವಳು ದೋನ್ಯಾರ ಪಾಯಸಕ್ಕೆಂದು ತಾನೇ ಮಾಡಿಕೊಟ್ಟಿದ್ದ ವೆಬ್‌ಸೈಟಿನ ಮೂರು ವರ್ಷದ ಯೋಜನೆಯ ಹಾಳೆ ತೆರೆದು ಕೂತಳು. ಇದರಲ್ಲಿ ಬೆಲ್ಕಿಸ್ ವಿಷಯ ಸೂಚಿಸುವುದು, ಮನೆಯವರ ಪರವಾಗಿ ಮಗ ನಿಕಾನೋರ ಒಪ್ಪುವುದು ಇಲ್ಲವೇ ಹೊಡೆದುಹಾಕುವುದು. ಹೊಡೆದುಹಾಕಿದ್ದಕ್ಕೆ ಕೆಂಪು ಗೆರೆ.

'ಗೆಣಸಿಲ್ಲದ ಪಾಯಸ': ಒಪ್ಪಿಗೆ. 'ತೆಂಗಿನಹಾಲು ಒಡೆಯದಂತೆ ಕಾಯಿಸುವುದು': ಒಪ್ಪಿಗೆ. 'ದೋನ್ಯಾ ಜೊತೆ ಒಂದು ಬೆಳಗು, ವಿಡಿಯೋ': ಕೆಂಪು. 'ಎಪ್ಪತ್ತರ ಹುಟ್ಟುಹಬ್ಬ': ಕೆಂಪು. 'ಈ ವರ್ಷ ದೋನ್ಯಾ ಎಷ್ಟು ಮನೆಗೆ ಹಂಚಿದರು': ಕೆಂಪು.

ಬೆಲ್ಕಿಸ್ ನೆಟ್ಟಗೆ ಕೂತಳು.

ಕಾಳಿನ ಬಗ್ಗೆ ಬರೆದರೆ ಅವನದು ತಕರಾರಿಲ್ಲ. ಅಮ್ಮ ಇವತ್ತು ಇದ್ದಾಳೆ, ನಗುತ್ತಾಳೆ, ಹಂಚುತ್ತಾಳೆ ಎಂದು ತೋರಿಸುವ ಪ್ರತಿಯೊಂದು ವಿಷಯಕ್ಕೂ ಕೆಂಪು ಗೆರೆ.

ಅವಸರವಾಗಿ ಮುಖಪುಟ ತೆರೆದಳು. ತಾನು ಬರೆದದ್ದು ಚೆನ್ನಾಗಿ ನೆನಪಿತ್ತು: 'ದೋನ್ಯಾ ಫಿಯೋರ್ದಲೀಸಾ ಈ ಪಾಯಸವನ್ನು ಕಟ್ಟಿಗೆ ಒಲೆಯ ಮೇಲೆ ಮಾಡುತ್ತಾರೆ.' ಪುಟದಲ್ಲಿ ಇದ್ದದ್ದು 'ಮಾಡುತ್ತಿದ್ದರು'. 'ಲವಂಗವನ್ನು ಕೈಯಲ್ಲೇ ಅಳೆಯುತ್ತಾರೆ' ಎಂದಿದ್ದದ್ದು 'ಅಳೆಯುತ್ತಿದ್ದರು' ಆಗಿತ್ತು. ಆಗ ಅವಳು ಕೇಳಿದ್ದಳು, ನಿಕಾನೋರ ನಕ್ಕಿದ್ದ. ಹಾಗೆ ಬರೆದರೆ ಹಳೇ ಕಾಲದ ಗಮ್ಮತ್ತು ಬರುತ್ತೆ ಎಂದಿದ್ದ. ಕೆಳಗಿದ್ದ ಅಮ್ಮನ ಫೋನ್ ನಂಬರನ್ನೂ ತೆಗೆಸಿ ತನ್ನದು ಹಾಕಿಸಿದ್ದ, ಮುದುಕಿಗೆ ಕಾಟ ಬೇಡ ಎಂದು. ಇವಳೂ ಕೋಲೆ ಬಸವನ ಹಾಗೆ ತಲೆಯಾಡಿಸಿದ್ದಳು.

"ನನ್ನ ಬುದ್ಧಿಗಿಷ್ಟು!" ಎಂದು ಹಣೆ ಚಚ್ಚಿಕೊಂಡಳು.

ದೂರದಲ್ಲಿ ಕೂತು ಇದನ್ನು ಓದುವವರಿಗೆ ಅನಿಸುವುದು ಒಂದೇ: ಈ ಅಮ್ಮ ತೀರಿಕೊಂಡಿದ್ದಾಳೆ.

ಆಗ ಆ 'ಯ್' ಅಕ್ಷರವೂ ಅರ್ಥವಾಯಿತು. ಬದುಕಿರುವ ಅಮ್ಮನ ಕಾಗುಣಿತ ತಿದ್ದಬಹುದು, ಜಗಳವಾಡಬಹುದು. ಸತ್ತ ಅಮ್ಮನ ಅಕ್ಷರ ತಿದ್ದುವುದಕ್ಕೆ ಯಾವ ಮಗಳಿಗೆ ಮನಸ್ಸು ಬರುತ್ತದೆ?

ಕರೆಂಟ್ ಹೋಗಿದ್ದ ಹೊತ್ತು. ಅಂಥ ಹೊತ್ತೇ ನಿಕಾನೋರನ ಇನ್ವರ್ಟರ್ ರಿಪೇರಿ ಅಂಗಡಿಗೆ ಸುಗ್ಗಿ. ಬ್ಯಾಟರಿ ಹೊತ್ತು ತಂದವರೆಲ್ಲ ಹೋಗುವ ತನಕ ಬೆಲ್ಕಿಸ್ ಎದುರಿನ ಮಾವಿನ ಮರದ ಕೆಳಗೆ ನಿಂತಿದ್ದು, ಆಮೇಲೆ ಒಳಗೆ ಹೋದಳು.

"ಏನು ಬೆಲ್ಕಿಸ್, ನಿನ್ನ ಬ್ಯಾಟರೀನೂ ಕೈಕೊಡ್ತಾ?" ನಿಕಾನೋರ ಕೈ ಒರೆಸಿಕೊಳ್ಳುತ್ತ ನಕ್ಕ. ನಲವತ್ತಾರರ ಬ್ರಹ್ಮಚಾರಿ, ಊರಿನವರೆಲ್ಲ ಬೆರಳೆತ್ತಿ ಹೊಗಳುವ ಒಳ್ಳೆಯ ಮನುಷ್ಯ. ಗೋಡೆಯ ಮೇಲೆ ಯಾನಿರಾ ಬರೆದ ಚಿತ್ರಗಳು, ಒಂದರ ಪಕ್ಕ ಒಂದು, ಬಾಲವಾಡಿಯಿಂದ ಏಳನೇ ತರಗತಿಯವರೆಗೆ.

"ನೋರಿಸ್ ಎಲ್ಲಿದಾಳೆ?" ಎಂದಳು ಬೆಲ್ಕಿಸ್.

ಅವನ ನಗು ಮುಖದ ಮೇಲೇ ಉಳಿಯಿತು, ಕಣ್ಣು ಮಾತ್ರ ಬೇರೆಯಾಯಿತು. "ಸಮುದ್ರದಲ್ಲಿ. ಊರಿಗೆಲ್ಲ ಗೊತ್ತಿರೋದನ್ನ ನನ್ನ ಹತ್ರ ಯಾಕೆ ಕೇಳ್ತೀಯ?"

ಅವಳು ಫೋನು ಅವನ ಮುಂದೆ ಇಟ್ಟಳು. ಅವನು ಓದಿದ. ಭುಜ ಕುಣಿಸಿದ.

"ದುಯ್ಸೆ. ಅದಕ್ಕೇನೀಗ? ಅರ್ಧ ಸೀಮೆ ಹಾಗೇ ಮಾತಾಡುತ್ತೆ."

"ಮಾತಾಡುತ್ತೆ. ಬರೆಯಲ್ಲ. ಇನ್ನು ಪೊರೋತೊ ಅಂತ ನಮ್ಮೋರು ಕನಸಲ್ಲೂ ಅನ್ನಲ್ಲ."

"ಯಾರೋ ಒಬ್ಬರು ತಮಾಷೆಗೆ ಹುಡುಕಿರಬೇಕು."

"ಒಬ್ಬಿಬ್ಬರು ಹುಡುಕಿದ್ದು ಈ ಪಟ್ಟಿಗೆ ಬರೋದೇ ಇಲ್ಲ ನಿಕಾನೋರ್. ಒಬ್ಬರ ಗುಟ್ಟು ಇನ್ನೊಬ್ಬರಿಗೆ ಗೊತ್ತಾಗಬಾರದು ಅಂತ ಮುಚ್ಚಿಡ್ತಾರೆ. ಹತ್ತಾರು ಜನ ಅದೇ ಮಾತು ಹುಡುಕಿದ್ರೆ ಮಾತ್ರ ಕಾಣೋದು. ಅಲ್ಲಿ ಯಾರೋ ಬೋರ್ಡ್ ಹಾಕಿ ಮಾರ್ತಿದಾರೆ. ತಿಂದೋರು ರುಚಿ ಮರೀಲಾರದೆ ಹುಡುಕ್ತಿದಾರೆ."

ನಿಕಾನೋರ ಸ್ಪಾನರ್ ಎತ್ತಿಕೊಂಡ, ಎಲ್ಲಿಡಬೇಕೆಂದು ತಿಳಿಯದವನಂತೆ ಮತ್ತೆ ಅಲ್ಲೇ ಇಟ್ಟ.

"ಮಾಡುತ್ತಾರೆ ಅನ್ನೋದನ್ನ ಮಾಡುತ್ತಿದ್ದರು ಅಂತ ಯಾಕೆ ತಿದ್ದಿಸಿದ್ರಿ?" ಎಂದಳು ಬೆಲ್ಕಿಸ್. ಕೂಗಬೇಕೆಂದು ಬಂದಿದ್ದಳು, ದನಿ ಮೆತ್ತಗೇ ಬಂತು. "ಗಮ್ಮತ್ತಿಗಾ? ಅಮ್ಮನ ವಿಡಿಯೋಗೆ ಕೆಂಪು ಗೆರೆ, ಹುಟ್ಟುಹಬ್ಬಕ್ಕೆ ಕೆಂಪು ಗೆರೆ. ಆ ಪುಟ ನೋರಿಸ್ ಓದ್ತಾಳೆ ಅಂತ ನಿಮಗೆ ಗೊತ್ತಿತ್ತು. ಅಮ್ಮ ಸತ್ತಳು ಅಂತ ಅವಳಿಗೆ ಹೇಳಿದ್ರಿ. ಹೌದೋ ಅಲ್ವೋ?"

ಹೊರಗೆ ಬಾಳೆಹಣ್ಣಿನ ಗಾಡಿಯವನು ಮೈಕಿನಲ್ಲಿ ಕೂಗುತ್ತ ಹೋದ. ನಿಕಾನೋರ ಷಟರ್ ಅರ್ಧ ಎಳೆದು, ಬ್ಯಾಟರಿಯೊಂದರ ಮೇಲೆ ಕುಸಿದು ಕೂತ.

"ಅವಳು ಆ ದೋಣಿ ಹತ್ತಿರಲೇ ಇಲ್ಲ," ಎಂದ. "ದಡದಲ್ಲಿ ಹೆದರಿಕೊಂಡು ಹಿಂದೆ ಉಳಿದ್ಲಂತೆ. ಹೆಸರು ಮಾತ್ರ ಪಟ್ಟಿಯಲ್ಲಿತ್ತು. ವಾಪಸ್ ಬರೋಕೆ ನಾಚಿಕೆ. ಬೇರೆ ದಾರಿ ಹಿಡಿದು, ಬಸ್ಸಲ್ಲಿ, ನಡ್ಕೊಂಡು, ಹೇಗ್ಹೇಗೋ ಹೋಗಿ ಚಿಲಿ ಮುಟ್ಟಿದ್ಲು. ಐದು ವರ್ಷ ಆದ್ಮೇಲೆ ನನಗೆ ಫೋನ್ ಮಾಡಿದ್ಲು."

"ಏಳು ವರ್ಷದ ಹಿಂದೆ."

"ಹಾಂ. ಆ ವಾರ ಯಾನಿರಾಗೆ ಡೆಂಗ್ಯೂ. ಐದು ವರ್ಷದ ಮಗು. ಮೈ ಕೆಂಡ. ನಾಲ್ಕು ದಿನ ನನ್ನ ಎದೆ ಮೇಲೇ ಮಲಗಿತ್ತು. ಕೆಳಗಿಳಿಸಿದ್ರೆ 'ಅಪ್ಪಾ, ಬಿಡಬೇಡ' ಅನ್ನೋದು. ಹಾಗನ್ನೋವಾಗಲೇ ಫೋನ್ ಬಂತು ಬೆಲ್ಕಿಸ್. ಕೇಳಿದ ತಕ್ಷಣ ತಂಗಿ ದನಿ ಅಂತ ಗೊತ್ತಾಯ್ತು. ಖುಷಿ ಆಗಬೇಕಿತ್ತು, ಅಲ್ವಾ? ಸತ್ತ ತಂಗಿ ಬದುಕಿ ಬಂದ್ರೆ ಯಾವನಿಗೆ ಖುಷಿ ಆಗಲ್ಲ? ನನಗೆ ಕೈಕಾಲು ತಣ್ಣಗಾಯ್ತು. ಇವಳು ಬಂದು ಮಗು ಕೇಳ್ತಾಳೆ ಅಂತ."

ಅವನು ಅಂಗೈಯಲ್ಲಿ ಮುಖ ಮುಚ್ಚಿಕೊಂಡ. ಗ್ರೀಸು ಕೆನ್ನೆಗೆಲ್ಲ ಮೆತ್ತಿತು.

"ಅಮ್ಮ ಹೇಗಿದಾಳೆ ಅಂತ ಕೇಳಿದ್ಲು. ಹೋದ್ಲು ಅಂದೆ. ನಿನ್ನ ಕೊರಗಲ್ಲೇ ಹೋದ್ಲು ಅಂದೆ. ಬಾಯಿಂದ ಹೇಗೆ ಬಂತೋ ಗೊತ್ತಿಲ್ಲ. ಆ ಕಡೆ ಅವಳು ಅಳೋದು ಕೇಳಿಸ್ತಾ ಇತ್ತು, ನಾನು ಫೋನ್ ಇಟ್ಟೆ. ಮತ್ತೆ ಅವಳು ಮಾಡಲಿಲ್ಲ. ನನ್ನ ಹತ್ರ ಅವಳ ನಂಬರೂ ಇಲ್ಲ."

"ಯಾನಿರಾ ಬಗ್ಗೆ ಏನು ಹೇಳಿದ್ರಿ?"

"ಹೇಳಬೇಕಾದ್ದು ಹೇಳಿದೆ," ಎಂದ ನಿಕಾನೋರ, ಗೋಡೆಯ ಚಿತ್ರಗಳ ಕಡೆ ತಿರುಗಿ.

ಬೆಲ್ಕಿಸ್ ಒತ್ತಾಯಿಸಲಿಲ್ಲ. ಸಿಟ್ಟು ಮಾಡಲೆಂದೇ ಬಂದವಳಿಗೆ ಈ ಗಡವನನ್ನು ನೋಡಿ ಅಯ್ಯೋ ಅನಿಸಿತು. ಹಾಗೆ ಅನಿಸಿದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು. ಆ ಕಡೆ ಒಬ್ಬಳು ಇಲ್ಲದ ಸಾವಿಗೆ ಏಳು ವರ್ಷ ಅತ್ತಿದ್ದಾಳೆ. ಈ ಕಡೆ ಒಬ್ಬಳು ಹನ್ನೆರಡು ವರ್ಷ. ನಡುವೆ ಈ ಪುಣ್ಯಾತ್ಮ ಎರಡೂ ಕಡೆಯ ಬಾಗಿಲು ಹಾಕಿಕೊಂಡು ಕೂತಿದ್ದಾನೆ.

"ಸೋಮವಾರ ಅಮ್ಮನ ಕೈಲಿ ಸಹಿ ಹಾಕಿಸ್ತೀರಾ?"

"ಭಾನುವಾರದವರೆಗೆ ಟೈಮ್ ಕೊಡು. ನಾನೇ ಹೇಳ್ತೀನಿ. ಕಾಲಿಗೆ ಬೀಳ್ತೀನಿ, ನೀನು ಹೇಳಬೇಡ."

"ನಾನು ಹೇಳಲ್ಲ. ಅದು ನೀವೇ ಹೇಳಬೇಕಾದ ಮಾತು." ಬೆಲ್ಕಿಸ್ ಷಟರ್ ಎತ್ತಿದಳು. "ಆದ್ರೆ ಪುಟ ಬರೆಯೋದು ನನ್ನ ಕೆಲಸ. ಇನ್ನು ಮೇಲೆ ಅದಕ್ಕೆ ಕೆಂಪು ಗೆರೆ ಹಾಕೋ ಹಾಗಿಲ್ಲ."

ನೋರಿಸಳ ನಂಬರಿಲ್ಲ, ವಿಳಾಸವಿಲ್ಲ. ಇರುವುದು ಆ ಮೂರು ಪದ. ಪ್ರಪಂಚದಲ್ಲಿ ಬೇರೆ ಯಾರೂ ಆ ಮೂರು ಪದದ ಮೇಲೆ ಪುಟ ಬರೆದಿಲ್ಲ. ಬರೆದರೆ, ಅದನ್ನು ಹುಡುಕಿದವರಿಗೆ ಮೊದಲು ಕಾಣುವುದು ಇದೇ.

ಸಂಜೆಯ ಹೊತ್ತಿಗೆ ಬೆಲ್ಕಿಸ್ ಬರೆದು ಮುಗಿಸಿದಳು. ತಲೆಬರಹ 'ಪೊರೋತೊ ಕೊನ್ ದುಯ್ಸೆ', 'ಯ್' ಸಮೇತ. ಕೆಳಗೆ ಬೆಳಿಗ್ಗೆ ತೆಗೆದ ಫೋಟೋ, ಸೌಟು ಝಳಪಿಸುತ್ತಿರುವ ಮುದುಕಿ, ಪಕ್ಕದಲ್ಲಿ ತಾರೀಕು. ಮೊದಲ ಸಾಲು: 'ಮೋಕಾದ ದೋನ್ಯಾ ಫಿಯೋರ್ದಲೀಸಾ ಇದನ್ನು ಈ ಶನಿವಾರವೂ ಮಾಡುತ್ತಾರೆ. ಬಂದವರಿಗೆಲ್ಲ ಬಡಿಸುತ್ತಾರೆ. ಗೆಣಸು ಹಾಕುವುದಿಲ್ಲ.' ಕೊನೆಯಲ್ಲಿ ತನ್ನದೇ ಫೋನ್ ನಂಬರು.

ಇಪ್ಪತ್ತು ವರ್ಷದಲ್ಲಿ ಅವಳು ಸಾವಿರಾರು ಜನ ಓದಲಿ ಎಂದು ನೂರಾರು ಪುಟ ಬರೆದಿದ್ದಳು. ಒಬ್ಬಳೇ ಒಬ್ಬಳು ಓದಿದರೆ ಸಾಕು ಎಂದು ಬರೆದದ್ದು ಇದೇ ಮೊದಲು. ಹುಡುಕಿದರೆ ಪುಟ ಕಾಣಿಸಲು ಒಂದು ಗಂಟೆಯೂ ಆಗಬಹುದು, ಒಂದು ವಾರವೂ ಆಗಬಹುದು. ಅದು ಯಾರ ಕೈಯಲ್ಲೂ ಇಲ್ಲ.

ಶುಕ್ರವಾರ ಇಡೀ ದಿನ ಹತ್ತು ನಿಮಿಷಕ್ಕೊಮ್ಮೆ ಹುಡುಕಿ ನೋಡಿದಳು. ಊಟ ಸೇರಲಿಲ್ಲ. ಸಂಜೆ ಐದಕ್ಕೆ ಪುಟ ಕಂಡಿತು, ಮೊಟ್ಟಮೊದಲನೆಯದಾಗಿ. ಬೆಲ್ಕಿಸ್ ಕುರ್ಚಿಯಲ್ಲಿ ಕೂತಲ್ಲೇ ಅತ್ತುಬಿಟ್ಟಳು.

ಶನಿವಾರ ಬೆಳಿಗ್ಗೆ ದೋನ್ಯಾರ ಅಡುಗೆಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಹಂಚಲೆಂದು ಅಕ್ಕಪಕ್ಕದ ಮನೆಗಳ ಡಬ್ಬಿಗಳೆಲ್ಲ ಸಾಲಾಗಿ ಕೂತಿದ್ದವು. ಯಾನಿರಾ ಪುಟ್ಟ ಪುಟ್ಟ ಹಾಲು ಬಿಸ್ಕತ್ತುಗಳನ್ನು ಒಂದೊಂದು ಡಬ್ಬಿಗೆ ಎಣಿಸಿ ಹಾಕುತ್ತಿದ್ದಳು, ಐದಕ್ಕೊಂದು ತನ್ನ ಬಾಯಿಗೆ.

"ನಾನು ನೋಡ್ತಿಲ್ಲ ಅಂದ್ಕೋಬೇಡ," ಎಂದರು ಅಜ್ಜಿ ಬೆನ್ನು ತಿರುಗಿಸಿಕೊಂಡೇ.

"ಬೆನ್ನಲ್ಲೂ ಕಣ್ಣಿದೆಯಾ ಅಜ್ಜಿ?"

"ಇದೆ. ನಿಮ್ಮಮ್ಮನ್ನ ಸಾಕಿದ್ದೂ ಅದೇ ಕಣ್ಣಲ್ಲಿ."

ನಿಕಾನೋರ ಹಿತ್ತಲ ಬಾಗಿಲಿಗೆ ಒರಗಿ ನಿಂತಿದ್ದ. ಎರಡು ಸಲ "ಅಮ್ಮಾ" ಎಂದ. ಅವರು ಎರಡು ಸಲವೂ "ಏನೋ?" ಎಂದರು. ಅವನು ಒಂದು ಸಲ ಉಪ್ಪು ಸರಿಯಿದೆಯಾ ಎಂದು ಕೇಳಿದ, ಇನ್ನೊಂದು ಸಲ ಕಟ್ಟಿಗೆ ಸಾಕಾ ಎಂದು.

"ಪಾಯಸಕ್ಕೆ ಉಪ್ಪು ಸರಿಯಿದೆಯಾ ಅಂತೆ!" ದೋನ್ಯಾ ಬೆಲ್ಕಿಸಳ ಕಡೆ ಕಣ್ಣು ಹೊಡೆದರು. "ಇವನಿಗೇನಾಗಿದೆ ಇವತ್ತು? ಯಾರನ್ನಾದ್ರೂ ಮದುವೆ ಆಗ್ತಾನೋ ಏನೋ ಕೇಳು."

ಆಗಲೇ ಬೆಲ್ಕಿಸಳ ಫೋನು ನಡುಗಿತು. ಚಿಲಿಯ ನಂಬರಿನಿಂದ ಬಂದ ಸಂದೇಶ. ಎರಡು ಸಲ ಓದಿದಳು.

'ನಮಸ್ಕಾರ. ಅಂತೋಫಗಾಸ್ತಾ ಮಾರ್ಕೆಟ್‌ನಲ್ಲಿ ನನ್ನ ಮೀನಿನ ಅಂಗಡಿ. ನಮ್ಮ ಪಕ್ಕದ ನೋರಿಸ್ ಅಕ್ಕ ಮಾಡೋ ಪೊರೋತೊ ಹುಡುಕ್ತಾ ಇದ್ದಾಗ ನಿಮ್ಮ ಪುಟ ಸಿಕ್ತು. ಫೋಟೋದಲ್ಲಿರೋ ಅಜ್ಜಿ ಅಕ್ಕನ ಥರಾನೇ ಇದಾರೆ, ಅದಕ್ಕೇ ಬರೀತಿದೀನಿ. ಅಕ್ಕ ಈಗ ಇಲ್ಲಿಲ್ಲ. ಬುಧವಾರ ಅಂಗಡಿ ಮುಚ್ಚಿ ಊರಿಗೆ ಹೊರಟ್ರು. ಅಮ್ಮನ ಸಮಾಧಿಗೆ ಒಂದು ಸಲ ಮೇಣದಬತ್ತಿ ಹಚ್ಚಿ ಬರ್ತೀನಿ ಅಂದ್ರು.'

ಬುಧವಾರ ಎಂದರೆ ಪುಟ ಹಾಕುವುದಕ್ಕೆ ಒಂದು ದಿನ ಮುಂಚೆ. ನೋರಿಸ್ ಅದನ್ನು ನೋಡಿಯೇ ಇಲ್ಲ. ಬೆಲ್ಕಿಸ್ ತಲೆಯೆತ್ತಿ ನಿಕಾನೋರನನ್ನು ನೋಡಿದಳು. ಹೇಳಿ, ಈಗಲೇ ಹೇಳಿ ಎಂದು ಕಣ್ಣಲ್ಲೇ ಸನ್ನೆ ಮಾಡಿದಳು. ಅವನು ಬಾಯಿ ತೆರೆದ.

ಗೋಡೆಯ ಮೊಳೆಗೆ ನೇತುಹಾಕಿದ್ದ ದೋನ್ಯಾರ ಫೋನು ಬಡಿದುಕೊಂಡಿತು.

"ಕೈಯೆಲ್ಲ ಅಂಟು. ಯಾನಿರಾ, ನೀನೇ ಹಿಡ್ಕೊ, ದೊಡ್ಡದಾಗಿ ಕೇಳೋ ಹಾಗೆ ಮಾಡು."

ಹುಡುಗಿ ಸ್ಪೀಕರ್ ಒತ್ತಿ ಅಜ್ಜಿಯ ಮುಖದ ಹತ್ತಿರ ಹಿಡಿದಳು. ಊರ ಸ್ಮಶಾನ ಕಾಯುವ ದೋನ್ ಎಲಾದಿಯೊನ ಗೊಗ್ಗರು ದನಿ.

"ದೋನ್ಯಾ, ಕೋಪ ಮಾಡ್ಕೋಬೇಡಿ. ಇಲ್ಲೊಬ್ಬ ಹೆಂಗಸು ಬೆಳಿಗ್ಗೆಯಿಂದ ನಿಮ್ಮ ಸಮಾಧಿ ಹುಡುಕ್ತಾ ಇದಾಳೆ."

ದೋನ್ಯಾ ಹೊಟ್ಟೆ ಹಿಡಿದುಕೊಂಡು ನಕ್ಕರು. "ಕಾಳು ಇನ್ನೂ ಬೆಂದಿಲ್ಲ, ಮುಗಿಸಿಕೊಂಡು ಬರ್ತೀನಿ ಅಂತ ಹೇಳಪ್ಪ!"

ಆ ಕಡೆಯಿಂದ ನಗು ಬರಲಿಲ್ಲ.

"ನಾನೂ ಹೀಗೇ ನಕ್ಕೆ ದೋನ್ಯಾ. ಅಮ್ಮ ಗಟ್ಟಿಮುಟ್ಟಾಗಿದಾರೆ, ನಿನ್ನೆ ತಾನೇ ಚರ್ಚಲ್ಲಿ ನೋಡಿದೆ ಅಂದೆ. ಅಲ್ಲೇ ಮಣ್ಣಲ್ಲಿ ಕುಸಿದು ಕೂತುಬಿಟ್ಲು. ಈಗ ನನ್ನ ಕೈ ಬಿಡ್ತಿಲ್ಲ. ಇನ್ನೊಂದು ಸಮಾಧಿನೂ ಸುಳ್ಳಾ, ಅದೂ ಸುಳ್ಳಾ, ಹೇಳಿ ಅಂತ ಒಂದೇ ಸಮ ಕೇಳ್ತಿದಾಳೆ."

ದೋನ್ಯಾರ ನಗು ನಿಂತಿತು. ಸೌಟು ಪಾತ್ರೆಯೊಳಗೆ ಜಾರಿತು. "ಇನ್ನೊಂದಾ? ಯಾರದ್ದು?"

"ಒಂದು ಮಗೂದಂತೆ. ಐದು ವರ್ಷದ್ದಂತೆ, ಡೆಂಗ್ಯೂ ಬಂದು ಹೋಯ್ತಂತೆ. ಯಾನಿರಾ ಅಂತ ಹೆಸರು ಹೇಳ್ತಿದಾಳೆ."

ಬೆಲ್ಕಿಸ್ ಫೋನು ಕಿತ್ತುಕೊಳ್ಳಲು ಕೈ ಚಾಚಿದಳು. ತಡವಾಗಿತ್ತು. ಯಾನಿರಾ ಒಮ್ಮೆ ಅಜ್ಜಿಯ ಮುಖ ನೋಡಿದಳು, ಆಮೇಲೆ ನಿಧಾನವಾಗಿ ಬಾಗಿಲ ಕಡೆ ತಿರುಗಿದಳು.

"ಅಪ್ಪಾ," ಎಂದಳು, "ನಾನು ಯಾವಾಗ ಸತ್ತೆ?"